ಗೋಡೆಯೊಳಗಿನ ಒಲೆ

ನಮ್ಮ ಅಡಿಗೆಮನೆಗೆ ಇಪ್ಪತ್ತೆಂಟು ವರ್ಷ ವಯಸ್ಸಾಯಿತು. ಅದನ್ನು ಕಿತ್ತು ಹೊಸದಾಗಿ ಕಟ್ಟಿಸಬೇಕೆಂಬ ಮಾತು ನಮ್ಮಲ್ಲಿ ನಾಲ್ಕಾರು ವರ್ಷಗಳಿಂದ ನಡೆಯುತ್ತಲೇ ಇತ್ತು. ಕಡೆಗೆ ಹೋದ ಬೇಸಿಗೆಯಲ್ಲಿ ಒಬ್ಬ ತರುಣ ವಿನ್ಯಾಸಕಿಯನ್ನು ಕರೆಸಿದೆವು. ಬಹಳ ಚುರುಕಾದ ಹುಡುಗಿ. ಎರಡೇ ವಾರದಲ್ಲಿ ಚಿತ್ರಗಳನ್ನು ಸಿದ್ಧಪಡಿಸಿ ತಂದು ನಮ್ಮ ಊಟದ ಮೇಜಿನ ಮೇಲೆ ಹರಡಿದಳು. ಆ ಚಿತ್ರಗಳಲ್ಲಿ ಕಾಣುತ್ತಿದ್ದ ಅಡಿಗೆಮನೆಯಲ್ಲಿ ಜಿಡ್ಡಿಲ್ಲ, ಮಸಿಯಿಲ್ಲ, ಒಗ್ಗರಣೆಯ ಸಿಡಿತವಿಲ್ಲ. ಒಂದು ಸೌಟು ಕೂಡ ಹೊರಗೆ ಉಳಿದಿರಲಿಲ್ಲ. ಗೋಡೆಯುದ್ದಕ್ಕೂ ಬಿಳಿಯ ಬೀರುಗಳು. ಅವುಗಳ ಒಂದು ಕೊನೆಯಲ್ಲಿ, ನಿಂತವರ ಮುಖದ ಎತ್ತರಕ್ಕೆ, ಕಪ್ಪು ಗಾಜಿನದೊಂದು ಚೌಕ.

“ಇದೇನಮ್ಮ?” ಎಂದೆ.

“ಬಿಲ್ಟ್-ಇನ್ ಮೈಕ್ರೋವೇವ್, ಸರ್. ಕೆಳಗಡೆ ಓವನ್, ಅದರ ಮೇಲೆ ಮೈಕ್ರೋವೇವ್. ಈಗ ಎಲ್ಲರೂ ಹೀಗೇ ಮಾಡಿಸ್ತಾರೆ. ಕೌಂಟರ್ ಪೂರ್ತಿ ಖಾಲಿ ಸಿಗುತ್ತೆ.”

ಮರುದಿನ ಬಡಗಿ ಬಂದು ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಹೋದ. ನೆಲದಿಂದ ೧೪೦ ಸೆಂಟಿಮೀಟರ್. ಹೊಸ ಒಲೆಯ ತಳ ಅಲ್ಲಿಗೆ ಬರತಕ್ಕದ್ದು. ಆ ಸಂಜೆ ನಾನು ಪತ್ರಿಕೆ ಓದುತ್ತ ಕುಳಿತಿದ್ದಾಗ ನನ್ನ ತಾಯಿ ಆ ಗೆರೆಯ ಮುಂದೆ ಹೋಗಿ ನಿಂತದ್ದನ್ನು ಕಂಡೆ. ಅವರಿಗೆ ಎಂಬತ್ತೆರಡು ವರ್ಷ. ಎತ್ತರ ಎಂದೂ ನಾಲ್ಕಡಿ ಹತ್ತಂಗುಲವನ್ನು ಮೀರಿದ್ದಲ್ಲ. ಈಗ ಬೆನ್ನು ಬಾಗಿ ಅದಕ್ಕೂ ಕಡಮೆ. ಗೆರೆ ಅವರ ಹಣೆಗೆ ಸಮನಾಗಿತ್ತು. ಅವರು ಎರಡು ಕೈಗಳನ್ನೂ ಎತ್ತಿ, ಏನನ್ನೋ ಹಿಡಿದು ಇಳಿಸುವವರಂತೆ ಮೆಲ್ಲನೆ ಕೆಳಕ್ಕೆ ತಂದರು. ಇನ್ನೊಮ್ಮೆಯೂ ಹಾಗೆಯೇ ಮಾಡಿದರು. ಆಮೇಲೆ ಏನೂ ಹೇಳದೆ ತಮ್ಮ ಕೋಣೆಗೆ ಹೋದರು.

ಅಲ್ಲಿಯವರೆಗೆ ಮೈಕ್ರೋವೇವ್ ಒಲೆಯ ವಿಷಯದಲ್ಲಿ ನನಗೆ ಅಭಿಪ್ರಾಯವೆಂಬುದೇ ಇರಲಿಲ್ಲ. ಸಾಹಿತ್ಯದ ಪುಟದಲ್ಲಿ ಒಲೆಯ ಮಾತೇಕೆ ಎಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ಈಗ ನಮ್ಮ ನಗರಗಳಲ್ಲಿ ಮಧ್ಯಮ ವರ್ಗದ ಮನೆಗಳೆಲ್ಲ ಒಂದರ ಹಿಂದೊಂದು ತಮ್ಮ ಅಡಿಗೆಮನೆಗಳನ್ನು ಈ ಚಿತ್ರದಂತೆ ತಿದ್ದಿಸಿಕೊಳ್ಳುತ್ತಿವೆ. ಮತ್ತು ಆ ತಿದ್ದುವಿಕೆಯಲ್ಲಿ ಯಾರು ಮನೆಯೊಳಗೆ ಇರುತ್ತಾರೆ, ಯಾರು ಹೊರಗಾಗುತ್ತಾರೆ ಎಂಬುದು ಕೆಲವು ಸೆಂಟಿಮೀಟರುಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಗೋಡೆಯೊಳಗೆ ಒಲೆಯನ್ನು ಕೂರಿಸಲೇಬಾರದೆಂದು ನಾನು ವಾದಿಸುವವನಲ್ಲ. ಯಾರ ಕೈ ಅದರೊಳಗಿನಿಂದ ಬಿಸಿ ಪಾತ್ರೆಯನ್ನು ತೆಗೆಯಬೇಕೋ ಆ ಕೈಯನ್ನು ಮೊದಲು ಅಳೆಯಿರಿ, ಗೋಡೆಯನ್ನು ಆಮೇಲೆ ಅಳೆಯಿರಿ ಎಂಬುದಷ್ಟೇ ನನ್ನ ವಾದ. ಈಗ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು.

ಮನೆಗೆ ಅಂಟಿಕೊಂಡ ಒಲೆ ನಮಗೆ ಹೊಸದೇನಲ್ಲ. ಹಾಸನದ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ನನ್ನ ಅಜ್ಜಿಯ ಒಲೆ ನೆಲದಿಂದಲೇ ಎದ್ದುಬಂದಿತ್ತು: ಒಂದು ದೊಡ್ಡ ಒಲೆ, ಅದರ ಬೆಂಕಿಯ ಶೇಷದಲ್ಲಿ ಬೇಯುವ ಒಂದು ಕೋಡೊಲೆ, ಪಕ್ಕದ ಗೋಡೆಯಲ್ಲಿ ಬೆಂಕಿಪೊಟ್ಟಣಕ್ಕೂ ಉಪ್ಪಿನ ಮರಿಗೆಗೂ ಒಂದು ಗೂಡು. ಆ ಒಲೆಯನ್ನು ಅಜ್ಜಿ ತಾವೇ ಕಟ್ಟಿದ್ದರು. ಕೆರೆಯ ಮಣ್ಣಿಗೆ ಹೊಟ್ಟು ಬೆರೆಸಿ, ತುಳಿದು, ಹದಮಾಡಿ, ತಾವು ಮಣೆಯ ಮೇಲೆ ಕುಳಿತರೆ ಮೊಣಕೈ ಎಲ್ಲಿಗೆ ಬರುತ್ತದೆಂದು ನೋಡಿಕೊಂಡು ಒಲೆಯ ಗುಂಡುಗಳನ್ನು ನಿಲ್ಲಿಸುತ್ತಿದ್ದರು. ದಿನವೂ ಸಾರಿಸುತ್ತಿದ್ದರು. ಬಿರುಕು ಬಿಟ್ಟಲ್ಲಿ ಮೆತ್ತುತ್ತಿದ್ದರು. ಎರಡು ವರ್ಷಕ್ಕೊಮ್ಮೆಯೋ ಏನೋ, ದೊಡ್ಡ ಪಾತ್ರೆ ಬಂದಿತೆಂದರೆ ಅಥವಾ ಹೊಗೆ ಕಣ್ಣಿಗೆ ಬಂದಿತೆಂದರೆ, ಒಡೆದು ಮತ್ತೆ ಕಟ್ಟುತ್ತಿದ್ದರು. ಹೊಗೆಯ ಕಷ್ಟವನ್ನು ನಾನು ಮರೆತಿಲ್ಲ. ಅಜ್ಜಿಯ ಕಣ್ಣುಗಳು ಕಡೆಯ ಹತ್ತು ವರ್ಷ ಸದಾ ನೀರೂರುತ್ತಿದ್ದವು. ಆ ಕಾಲ ಮರಳಿ ಬರಲಿ ಎನ್ನುವ ಮೂರ್ಖತನ ನನಗಿಲ್ಲ. ಆದರೂ ಒಂದು ಮಾತು: ಆ ಒಲೆ ಸ್ಥಿರವಾಗಿತ್ತು, ಆದರೆ ಅಡಿಗೆ ಮಾಡುವವಳ ಮಾತನ್ನು ಕೇಳುತ್ತಿತ್ತು.

ಆಮೇಲೆ ಗ್ಯಾಸು ಬಂದಿತು. ನಮ್ಮ ಮನೆಗೆ ಬಂದದ್ದು ೧೯೭೪ರಲ್ಲಿ. ಗ್ಯಾಸಿನ ಸಂಗಡ ಕಡಪ ಕಲ್ಲಿನ ಕಟ್ಟೆ ಬಂದಿತು. ಕುಳಿತು ಅಡಿಗೆ ಮಾಡುತ್ತಿದ್ದವರು ನಿಂತು ಮಾಡುವಂತಾಯಿತು. ಕಟ್ಟೆಯನ್ನು ಗಾರೆಯವನು ತನ್ನ ಅಳತೆಗೆ ಕಟ್ಟಿದ. ನನ್ನ ತಾಯಿಗೆ ಅದು ಎತ್ತರವಾಯಿತು. ಅವರು ದೂರು ಹೇಳಲಿಲ್ಲ. ಅದುವರೆಗೆ ಯಾವ ಮಣೆಯ ಮೇಲೆ ಕುಳಿತು ಅಡಿಗೆ ಮಾಡುತ್ತಿದ್ದರೋ ಅದೇ ಮಣೆಯನ್ನು ಕಟ್ಟೆಯ ಮುಂದೆ ಹಾಕಿ ಅದರ ಮೇಲೆ ನಿಂತರು. ಮೂವತ್ತು ವರ್ಷ ಹಾಗೆ ನಿಂತು ನಮಗೆಲ್ಲ ಬಡಿಸಿದರು. ಅದು ನನ್ನ ಕಣ್ಣಿಗೆ ವಿಚಿತ್ರವಾಗಿ ಕಂಡದ್ದೇ ಇಲ್ಲ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೈಕ್ರೋವೇವ್ ಒಲೆಯ ಚರಿತ್ರೆಯನ್ನು ನೋಡಿದರೆ ಅಲ್ಲಿಯೂ ಗೋಡೆಗೂ ಕಟ್ಟೆಗೂ ಒಂದು ಜಗ್ಗಾಟವುಂಟು. ಅದು ಯುದ್ಧದಿಂದ ಹುಟ್ಟಿದ ವಸ್ತು. ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರೇಡಾರಿಗೆ ಬೇಕಾದ ಮ್ಯಾಗ್ನೆಟ್ರಾನ್ ಎಂಬ ನಳಿಗೆಯನ್ನು ೧೯೪೦ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ಸುಧಾರಿಸಿದರು. ಅಮೆರಿಕದ ರೇಥಿಯಾನ್ ಸಂಸ್ಥೆಯಲ್ಲಿ ಆ ನಳಿಗೆಗಳನ್ನು ತಯಾರಿಸುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬಾತ, ಶಾಲೆಯ ಓದನ್ನೂ ಮುಗಿಸದ ಮನುಷ್ಯ, ಒಂದು ದಿನ ಅದರ ಮುಂದೆ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಬೇರೆಯವರಾಗಿದ್ದರೆ ಅಂಗಿ ಕೊಳೆಯಾಯಿತೆಂದು ಬೈದುಕೊಳ್ಳುತ್ತಿದ್ದರೋ ಏನೋ. ಆತ ಮೆಕ್ಕೆಜೋಳದ ಕಾಳು ತರಿಸಿ ಅರಳಿಸಿ ನೋಡಿದನೆಂದು ಹೇಳುತ್ತಾರೆ. ೧೯೪೫ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹೋಯಿತು. ೧೯೪೭ರಲ್ಲಿ ಮಾರಾಟಕ್ಕೆ ಬಂದ ಮೊದಲ ಯಂತ್ರ ಆಳೆತ್ತರವಿತ್ತು. ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತಿತ್ತು. ಅದನ್ನು ತಂಪಾಗಿಡಲು ನೀರಿನ ಕೊಳವೆ ಬೇಕಾಗಿತ್ತು. ಹೋಟೆಲುಗಳಿಗೂ ಹಡಗುಗಳಿಗೂ ಹೊರತು ಅದು ಯಾರಿಗೂ ಒಗ್ಗುವಂತಿರಲಿಲ್ಲ.

ಮನೆಗೆಂದು ಮೊದಲು ಬಂದದ್ದು ೧೯೫೫ರ ಟ್ಯಾಪನ್ ಒಲೆ. ಸ್ವಾರಸ್ಯವೇನೆಂದರೆ ಅದು ಗೋಡೆಯೊಳಗೆ ಕೂರಿಸುವ ಒಲೆಯೇ! ಬೆಲೆ ೧೨೯೫ ಡಾಲರ್. ಜನ ಕೊಳ್ಳಲಿಲ್ಲ. ೧೯೬೭ರಲ್ಲಿ ಅಮಾನಾ ಎಂಬ ಹೆಸರಿನಲ್ಲಿ, ಕಟ್ಟೆಯ ಮೇಲೆ ಇಟ್ಟು ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಬಹುದಾದ ಪೆಟ್ಟಿಗೆ ೪೯೫ ಡಾಲರಿಗೆ ಬಂದಿತು. ಅಲ್ಲಿಂದ ಮುಂದೆ ಅದರ ದಿಗ್ವಿಜಯ. ಅಂದರೆ ಗೋಡೆಯಿಂದ ಕೆಳಗಿಳಿದು ಕಟ್ಟೆಯ ಮೇಲೆ ಕುಳಿತ ಮೇಲೆಯೇ ಅದು ಮನೆಯ ವಸ್ತುವಾಯಿತು. ಈಗ ಅದನ್ನು ಮರಳಿ ಗೋಡೆಗೆ ಏರಿಸುತ್ತಿದ್ದೇವೆ. ಅಡಿಗೆ ಇದರಿಂದ ಉತ್ತಮವಾಗುತ್ತದೆಂದು ಯಾರೂ ಹೇಳುವುದಿಲ್ಲ. ನೋಟ ಚೆನ್ನಾಗಿರುತ್ತದೆ, ಕಟ್ಟೆ ಬರಿದಾಗಿರುತ್ತದೆ.

ಬರಿದಾದ ಕಟ್ಟೆ ಸಣ್ಣ ಸಂಗತಿಯಲ್ಲ ಎಂಬುದನ್ನು ನನಗೆ ಮನಗಾಣಿಸಿದವಳು ನನ್ನ ಹೆಂಡತಿ. ನಾನು ಆ ರಾತ್ರಿ ತಾಯಿಯ ವಿಷಯವನ್ನೆತ್ತಿ, ಸ್ವಲ್ಪ ಗಂಭೀರವಾಗಿಯೇ, ಈ ಗೋಡೆಯ ಒಲೆ ಬೇಡವೆಂದೆ. ಆಕೆ ಪಾತ್ರೆ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಹನ್ನೆರಡು ವರ್ಷದಿಂದ ಆ ಪೆಟ್ಟಿಗೆ ಕಟ್ಟೆಯ ಮೇಲೆ ಕೂತಿದೆ. ಅದರ ಪಕ್ಕ ಉಳಿದಿರೋದು ಒಂದೂವರೆ ಅಡಿ. ಅಷ್ಟರಲ್ಲೇ ತರಕಾರಿ ಹೆಚ್ಚಬೇಕು, ಹಿಟ್ಟು ನಾದಬೇಕು, ನಿಮ್ಮ ಸ್ನೇಹಿತರು ಬಂದರೆ ಹತ್ತು ಲೋಟ ಜೋಡಿಸಬೇಕು. ಅತ್ತೆಯ ಕೈ ಇವತ್ತು ನಿಮಗೆ ಕಾಣಿಸ್ತು. ಬಹಳ ಸಂತೋಷ. ನನ್ನ ಕೈ ಇಷ್ಟು ವರ್ಷ ಯಾಕೆ ಕಾಣಿಸಲಿಲ್ಲ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗಂಡಸರು ಅಡಿಗೆಮನೆಯನ್ನು ಕುರಿತು ಬರೆಯುವಾಗ ಸಾಮಾನ್ಯವಾಗಿ ತಾಯಿಯ ನೆನಪಿನಿಂದ ಆರಂಭಿಸುತ್ತಾರೆ. ಹೆಂಡತಿ ಅದರೊಳಗೆ ಆ ಹೊತ್ತಿನಲ್ಲಿ ನಿಂತಿರುವುದನ್ನು ಮರೆಯುತ್ತಾರೆ. ನಾನೂ ಹಾಗೆಯೇ ಆರಂಭಿಸಿದ್ದೇನೆಂದು ವಾಚಕರು ಗಮನಿಸಿರಬೇಕು.

ಈ ಕಟ್ಟುಬೀರುಗಳ ಅಡಿಗೆಮನೆಯ ಮೂಲ ಪುರುಷರನ್ನು ಹುಡುಕಹೊರಟರೆ ಸಿಗುವವಳು ಒಬ್ಬ ಮಹಿಳೆ. ಮಾರ್ಗರೆಟೆ ಷುಟ್ಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆಂದು ಒಂದು ಅಡಿಗೆಮನೆಯನ್ನು ಯೋಜಿಸಿದಳು. ಅಗಲ ಎರಡು ಮೀಟರಿಗೂ ಕಡಮೆ; ಉದ್ದ ಮೂರೂವರೆ ಮೀಟರಿನೊಳಗೆ. ಅಂಥವು ಸುಮಾರು ಹತ್ತು ಸಾವಿರ ನಿರ್ಮಾಣವಾದವು. ಆಕೆ ಮಾಡಿದ ಮೊದಲ ಕೆಲಸ, ಅಡಿಗೆ ಮಾಡುವವಳು ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಮೇಜಿಗೆ ಎಷ್ಟು ಹೆಜ್ಜೆ ನಡೆಯುತ್ತಾಳೆಂದು ಲೆಕ್ಕ ಹಾಕಿದ್ದು. ಕಿಟಕಿಯ ಬಳಿ ಬೆಳಕಿಗೆ ಎದುರಾಗಿ ಕೆಲಸದ ಹಲಗೆ. ಕುಳಿತು ಹೆಚ್ಚಲು ತಿರುಗುವ ಪೀಠ. ಗೋಡೆಯಿಂದ ಇಳಿಸಿಕೊಳ್ಳುವ ಇಸ್ತ್ರಿಯ ಹಲಗೆ. ಅಲ್ಲಿ ಗೋಡೆಗೆ ಸೇರಿದ ವಸ್ತುವೆಲ್ಲ ಒಂದು ಹೆಜ್ಜೆಯನ್ನೋ ಒಂದು ಬಾಗುವಿಕೆಯನ್ನೋ ಉಳಿಸಲೆಂದು ಸೇರಿದ್ದು. ಆಕೆಯೇ ಮುಂದೆ, ತಾನು ಆವರೆಗೆ ಅಡಿಗೆ ಮಾಡಿದ್ದೇ ಇಲ್ಲವೆಂದು ಒಪ್ಪಿಕೊಂಡಳು! ಆದರೂ ಅಳತೆಪಟ್ಟಿಯನ್ನು ಹಿಡಿದದ್ದು ಮನುಷ್ಯರ ಮೈಗೆ. ನಮ್ಮ ಇಂದಿನ ಚಿತ್ರಗಳಲ್ಲಿ ಆಕೆಯ ಬೀರುಗಳು ಉಳಿದಿವೆ, ಹೆಜ್ಜೆಯ ಲೆಕ್ಕ ಹೋಗಿದೆ.

ನಾವಿಬ್ಬರೂ ಅಂಗಡಿಗೆ ಹೋದೆವು. ಅಂಗಡಿಯ ಯುವಕ ಒಂದು ಒಲೆಯ ಮುಂದೆ ನಿಂತು, ಇದರಲ್ಲಿ ಇನ್ನೂರಕ್ಕೂ ಹೆಚ್ಚು ತಿಂಡಿಗಳು ತಾವಾಗಿಯೇ ಆಗುತ್ತವೆಂದು ವಿವರಿಸತೊಡಗಿದ. ಬಿಸಿಬೇಳೆಭಾತೂ ಆ ಪಟ್ಟಿಯಲ್ಲಿತ್ತು. ನನ್ನ ಹೆಂಡತಿ, “ಅದನ್ನು ಮಾಡೋಕೆ ನನಗೆ ಬರುತ್ತೆ. ಮಾಡಿದ್ದನ್ನು ಬಿಸಿ ಮಾಡೋಕೆ ಬೇಕು,” ಎಂದಳು. ಆತ ತಬ್ಬಿಬ್ಬಾದ. ಹನ್ನೆರಡು ವರ್ಷಗಳಲ್ಲಿ ನಮ್ಮ ಒಲೆ ಮಾಡಿದ ಕೆಲಸವೆಂದರೆ ಅನ್ನ ಬಿಸಿ ಮಾಡಿದ್ದು, ಸಾರು ಹುಳಿ ಬಿಸಿ ಮಾಡಿದ್ದು, ಹಾಲು ಕಾಯಿಸಿದ್ದು, ಎಣ್ಣೆಯಿಲ್ಲದೆ ಹಪ್ಪಳ ಸುಟ್ಟದ್ದು. ಕೇಕು ಎರಡು ಸಲ. ನನಗೆ ಪರಿಚಯವಿರುವ ಬಹುಮಂದಿಯ ಮನೆಗಳಲ್ಲಿ ಲೆಕ್ಕ ಇದಕ್ಕಿಂತ ಬಹಳ ಬೇರೆಯಾಗಿರಲಾರದು. ಒಗ್ಗರಣೆ ಅದರಲ್ಲಿ ಆಗದು, ರೊಟ್ಟಿ ಆಗದು, ನಮ್ಮ ಅಡಿಗೆಯ ಪ್ರಾಣ ಬೆಂಕಿಯ ಮೇಲೆಯೇ ಇದೆ. ಆದುದರಿಂದ ಕೊಳ್ಳುವವರು ಮೊದಲು ಒಂದು ವಾರ ತಮ್ಮ ಮನೆಯ ಹಳೆಯ ಒಲೆಯನ್ನು ಗಮನಿಸಿ, ಅದರಲ್ಲಿ ಏನೇನು ಒಳಗೆ ಹೋಯಿತು, ಯಾರು ಇಟ್ಟರು ಎಂದು ಬರೆದಿಟ್ಟುಕೊಂಡರೆ, ಅಂಗಡಿಯವನ ಇನ್ನೂರು ತಿಂಡಿಗಳು ಗಾಳಿಗೆ ಹಾರಿಹೋಗುತ್ತವೆ.

ಮುಂದಿನ ವಿಷಯ ಶಾಖದ್ದು. ಇದನ್ನು ನಮ್ಮ ಅಂಗಡಿಗಳಲ್ಲಿ ಯಾರೂ ಸ್ಪಷ್ಟವಾಗಿ ಹೇಳದಿರುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಮೈಕ್ರೋವೇವ್ ಎಂಬುದು ಬೆಳಕಿನ, ರೇಡಿಯೋವಿನ ಕುಲಕ್ಕೆ ಸೇರಿದ ಅಲೆ. ಮನೆಯ ಒಲೆಗಳಲ್ಲಿ ಅದು ಸೆಕೆಂಡಿಗೆ ೨೪೫ ಕೋಟಿ ಸಲ ಕಂಪಿಸುತ್ತದೆ. ಆಹಾರದಲ್ಲಿರುವ ನೀರಿನ ಅಣುಗಳು ಅದರೊಡನೆ ಹೊರಳಾಡಲು ಹೋಗಿ ಒಂದನ್ನೊಂದು ತಿಕ್ಕಿ ಬಿಸಿಯಾಗುತ್ತವೆ. ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆಂಬ ಮಾತು ತಪ್ಪು. ಅಲೆ ಒಂದೆರಡು ಅಂಗುಲಕ್ಕಿಂತ ಆಳಕ್ಕೆ ಇಳಿಯದು. ಬಾಗಿಲಿನ ಗಾಜಿನ ಹಿಂದೆ ಸಣ್ಣ ರಂಧ್ರಗಳ ಲೋಹದ ಜಾಲರಿ ಇರುತ್ತದಲ್ಲ, ಅದರ ಕೆಲಸ ಬೆಳಕನ್ನು ಬಿಟ್ಟು ಈ ಅಲೆಯನ್ನು ತಡೆಯುವುದು. ಅಲೆಯ ಉದ್ದ ೧೨ ಸೆಂಟಿಮೀಟರಿನಷ್ಟು, ಆ ರಂಧ್ರದಲ್ಲಿ ತೂರಲಾರದು. ಕಿರಣ ತಾಗುತ್ತದೆಂದು ಹೆದರುವ ನೆರೆಯವರು ಬಾಗಿಲು ನೆಟ್ಟಗೆ ಮುಚ್ಚುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಆದರೆ ಯಂತ್ರ ತಾನೂ ಬಿಸಿಯಾಗುತ್ತದೆ. ೮೦೦ ವಾಟ್ ಎಂದು ಬರೆದ ಒಲೆ ವಿದ್ಯುತ್ತಿನ ತಂತಿಯಿಂದ ೧೨೦೦ರಷ್ಟು ಎಳೆಯುತ್ತದೆ. ನಡುವಿನ ನಾನೂರು ಅನ್ನಕ್ಕೆ ಹೋಗದೆ ಪೆಟ್ಟಿಗೆಯ ಒಳಗೇ ಶಾಖವಾಗಿ ನಿಲ್ಲುತ್ತದೆ. ಅದನ್ನು ಒಂದು ಪಂಖ ಹೊರಕ್ಕೆ ಊದಬೇಕು. ಕಟ್ಟೆಯ ಮೇಲಿಡುವ ಒಲೆ ಪಕ್ಕದಿಂದಲೂ ಹಿಂದಿನಿಂದಲೂ ಉಸಿರಾಡುತ್ತದೆ. ಅದಕ್ಕೇ ಅದರ ಕೈಪಿಡಿಯಲ್ಲಿ ಮೇಲೆ ಇಷ್ಟು, ಪಕ್ಕದಲ್ಲಿ ಇಷ್ಟು ಬಯಲು ಬಿಡಬೇಕೆಂದು ಬರೆದಿರುತ್ತಾರೆ. ಗೋಡೆಗೆಂದೇ ಮಾಡಿದ ಒಲೆಯ ಉಸಿರಾಟದ ದಾರಿ ಬೇರೆ: ಬೀರುವಿನ ಬೆನ್ನಿನಲ್ಲಿಯೋ ಮುಂದಿನ ಸೀಳಿನಲ್ಲಿಯೋ ಗಾಳಿ ಹೋಗಿ ಬರಲು ಏರ್ಪಾಟಿರುತ್ತದೆ, ಆ ಅಳತೆಯನ್ನು ಬಡಗಿಗೆ ತೋರಿಸಬೇಕು. ಮಾಮೂಲಿ ಒಲೆಯನ್ನು ತಂದು ಬೀರುವಿನ ಗೂಡಿಗೆ ತುರುಕಿ ಸುತ್ತ ಒಂದು ಚೌಕಟ್ಟು ಹೊಡೆದುಬಿಟ್ಟರೆ ನೋಟಕ್ಕೆ ಎರಡೂ ಒಂದೇ. ಮೂಗುಬಾಯಿ ಕಟ್ಟಿದ ಒಲೆ ಬಹುಕಾಲ ಬಾಳುವುದಿಲ್ಲ ಅಷ್ಟೆ. ಪ್ಲಗ್ಗನ್ನು ಒಲೆಯ ಹಿಂದೆ ಇಡಿಸಬಾರದು. ಪಕ್ಕದ ಬೀರುವಿನಲ್ಲಿ, ಕೈಗೆ ಸಿಗುವಂತೆ, ೧೬ ಆಂಪಿಯರಿನದನ್ನು ಇಡಿಸಬೇಕು. ಇಲ್ಲವಾದರೆ ಕೆಟ್ಟ ದಿನ ಅದನ್ನು ಆರಿಸಲಿಕ್ಕೂ ಬಡಗಿಯೇ ಬರಬೇಕು.

ಇನ್ನು ಆಯುಷ್ಯ. ಬೀರು ಇಪ್ಪತ್ತೈದು ವರ್ಷ ಇರಲೆಂದು ಕಟ್ಟಿಸುತ್ತೇವೆ. ಒಲೆ ಹತ್ತು ವರ್ಷ ಇದ್ದರೆ ಪುಣ್ಯ. ಅಂದರೆ ಒಂದು ಗೂಡಿನಲ್ಲಿ ಎರಡು ಮೂರು ಒಲೆಗಳು ಹುಟ್ಟಿ ಸಾಯಬೇಕು. ಯೂರೋಪಿನ ಅಳತೆಯ ಗೂಡುಗಳು ಸಾಮಾನ್ಯವಾಗಿ ೬೦ ಸೆಂಟಿಮೀಟರ್ ಅಗಲದ ಬೀರುವಿಗೆ ಹೊಂದುವಂತಿದ್ದು, ಎತ್ತರದಲ್ಲಿ ಮಾತ್ರ ಎರಡು ಬಗೆ: ಸುಮಾರು ೩೮ ಸೆಂಟಿಮೀಟರಿನದೊಂದು, ೪೫ರದೊಂದು. ಮೊದಲನೆಯದರಲ್ಲಿ ಇಪ್ಪತ್ತು ಇಪ್ಪತ್ತೈದು ಲೀಟರಿನ ಒಲೆ ಕೂರುತ್ತದೆ, ಎರಡನೆಯದರಲ್ಲಿ ನಲವತ್ತು ದಾಟಿದ್ದು. ಈ ಎರಡರಲ್ಲೊಂದನ್ನು ಬಿಟ್ಟು ಬೇರೆ ಅಳತೆಯ ಗೂಡನ್ನು ಮಾಡಿಸಿದವರು ಮುಂದೆ ಪರಿತಪಿಸುತ್ತಾರೆ. ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಒಲೆ ಕೆಟ್ಟಾಗ ಆ ಮಾದರಿ ಬರುವುದೇ ನಿಂತುಹೋಗಿತ್ತು. ಹೊಸದು ಒಂದು ಸೆಂಟಿಮೀಟರ್ ಹೆಚ್ಚು. ಆ ಒಂದು ಸೆಂಟಿಮೀಟರಿಗಾಗಿ ಎರಡು ಬೀರು ಬಿಚ್ಚಿದರು. ನನ್ನ ಅಜ್ಜಿಯ ಒಲೆಯ ನೆನಪು ನನಗೆ ಆಗ ಬಂದಿತು.

ಬೆಲೆಯ ಮಾತನ್ನು ಬೆಳೆಸುವುದಿಲ್ಲ. ನಾವು ಹೋದ ಅಂಗಡಿಯಲ್ಲಿ ಕಟ್ಟೆಯ ಒಲೆಗೆ ಏಳೆಂಟು ಸಾವಿರವಾದರೆ ಗೋಡೆಯದಕ್ಕೆ ಅದರ ನಾಲ್ಕೈದು ಪಟ್ಟು. ಒಳಗಿನ ಅಲೆ ಎರಡರಲ್ಲೂ ಒಂದೇ.

ಈಗ ನನ್ನ ತಾಯಿಯ ವಿಷಯಕ್ಕೆ ಬರಬೇಕು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಗ್ಯಾಸಿನ ಮೇಲೆ ಹಾಲಿಟ್ಟು ಕುರ್ಚಿಯಲ್ಲಿ ಕುಳಿತಲ್ಲೇ ನಿದ್ದೆಹೋದರು. ನಾನು ಬರುವಷ್ಟರಲ್ಲಿ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕೆಂಪಗಾಗಿತ್ತು. ಹೆದರಿಕೆಯಲ್ಲಿ ನಾನು ಕೂಗಾಡಿದೆ. ಲೈಟರನ್ನು ಎತ್ತಿ ಬೀರುವಿನ ಮೇಲೆ ಇಟ್ಟೆ. “ನಾವು ಯಾರೂ ಇಲ್ಲದಾಗ ಒಲೆಯ ಹತ್ತಿರ ಹೋಗಬೇಡಿ” ಎಂದೆ. ಅರವತ್ತು ವರ್ಷ ಒಲೆಯ ಮುಂದೆ ಇದ್ದವರಿಗೆ ಆ ಮಾತು ಹೇಳಿದೆ. ಅವರು, “ಆಗಲಪ್ಪ” ಎಂದರು. ಅದಾದ ಮೇಲೆ ಮಧ್ಯಾಹ್ನದ ಕಾಫಿಯನ್ನೇ ಬಿಟ್ಟರು. ಕೇಳಿದರೆ, “ಬೇಕೆನಿಸೋದಿಲ್ಲ” ಎನ್ನುತ್ತಿದ್ದರು.

ರಜಕ್ಕೆ ಬಂದ ನನ್ನ ಮಗಳು ಇದನ್ನು ಮೂರೇ ದಿನದಲ್ಲಿ ಕಂಡುಹಿಡಿದಳು. ಅಜ್ಜಿಯನ್ನು ಕರೆದುಕೊಂಡು ಹೋಗಿ ಕಟ್ಟೆಯ ಮೇಲಿನ ಮೈಕ್ರೋವೇವಿನ ಮುಂದೆ ನಿಲ್ಲಿಸಿದಳು. ಅದು ತಿರುಗಿಸುವ ಗುಂಡಿಯ ಹಳೆಯ ಮಾದರಿ. ಒಂದು ನಿಮಿಷದ ಗುರುತಿನ ಬಳಿ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದು ಚುಕ್ಕೆ ಇಟ್ಟಳು. “ಅಜ್ಜಿ, ಕಪ್ ಒಳಗಿಡು, ಚುಕ್ಕೆವರೆಗೂ ತಿರುಗಿಸು. ನೀನು ನಿದ್ದೆ ಹೋದರೂ ಅದೇ ನಿಲ್ಲುತ್ತೆ.” ನನ್ನ ತಾಯಿಗೆ ಒಂದೇ ತಕರಾರು: ತಮ್ಮ ಸ್ಟೀಲ್ ಲೋಟವನ್ನು ಅದರಲ್ಲಿ ಇಡಕೂಡದೆಂಬುದು. ಲೋಹ ಆ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ, ಕಿಡಿಯೂ ಹಾರಬಹುದು ಎಂದು ಮೊಮ್ಮಗಳು ವಿವರಿಸಿದಳು. “ಲೋಟ ಇಡೋಕಾಗದ ಒಲೆ ಎಂಥ ಒಲೆಯೇ!” ಎಂದರು. ಆದರೆ ಪಿಂಗಾಣಿ ಬಟ್ಟಲಿನಲ್ಲಿ ಹಾಲು ಬಿಸಿ ಮಾಡಿ, ಬೆಳಗಿನ ಡಿಕಾಕ್ಷನ್ ಬೆರೆಸಿ, ಅದನ್ನು ಲೋಟಕ್ಕೆ ಸುರಿದುಕೊಂಡು ಕುಡಿಯತೊಡಗಿದರು. ಮೂರು ಗಂಟೆಯ ಕಾಫಿ ಮರಳಿತು. ಪಕ್ಕದ ಮನೆಯ ಮುದುಕಿಯನ್ನು ಕರೆದು ಅವರಿಗೂ ಒಂದು ಬಟ್ಟಲು ಮಾಡಿಕೊಟ್ಟು, “ನಾನೇ ಮಾಡಿದ್ದು” ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

೧೪೦ ಸೆಂಟಿಮೀಟರಿನ ಗೆರೆ ಈ ಕಾಫಿಯನ್ನು ಅಳಿಸುತ್ತಿತ್ತು. ಕೈ ಎಟುಕದೆಂಬುದು ಮಾತ್ರವಲ್ಲ. ಎಟುಕಿದರೆ ಅಪಾಯ ಇನ್ನೂ ಹೆಚ್ಚು: ಕುದಿಯುವ ಹಾಲಿನ ಬಟ್ಟಲು ಮುಖದ ಮಟ್ಟದಲ್ಲಿ, ನಡುಗುವ ಎರಡು ಕೈಗಳಲ್ಲಿ. ಈ ಒಲೆಯಲ್ಲಿ ನುಣುಪಾದ ಬಟ್ಟಲಿನ ನೀರು ಕೆಲವೊಮ್ಮೆ ಕುದಿಯುವ ಬಿಸಿಯನ್ನು ದಾಟಿಯೂ ಗುಳ್ಳೆಯೇಳದೆ ಸುಮ್ಮನಿದ್ದು, ಮುಟ್ಟಿದಾಗ ಥಟ್ಟನೆ ಉಕ್ಕುತ್ತದೆ. ಅದು ಎದೆಯ ಕೆಳಗೆ ಆದರೆ ಕೈ ಸುಡುತ್ತದೆ; ಮುಖದ ಎದುರಿಗೆ ಆದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮುದುಕರಿಗೆ ಮಾತ್ರ ಅನ್ವಯಿಸುವ ಮಾತಲ್ಲ ಇದು. ಶಾಲೆಯಿಂದ ಬಂದು ತಾನೇ ಅನ್ನ ಬಿಸಿ ಮಾಡಿಕೊಳ್ಳುವ ಹತ್ತು ವರ್ಷದ ಹುಡುಗನೂ ಇದೇ ಎತ್ತರದವನು. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡಗಿರುವವರ ಹೆಗಲಿಗಿಂತ ಒಲೆಯ ತಳ ಕೆಳಗಿರಬೇಕು. ಮೊಣಕೈ ಮಟ್ಟಕ್ಕೆ ಬಂದರೆ ಇನ್ನೂ ಉತ್ತಮ.

ಎತ್ತರ ಒಂದನ್ನೇ ನೋಡಿದರೂ ಸಾಲದು. ಬಿಸಿ ಬಟ್ಟಲನ್ನು ಹೊರತೆಗೆದ ಮರುಕ್ಷಣ ಇಡಲು ಕೈಯಳತೆಯಲ್ಲಿ ಜಾಗ ಬೇಕು. ಇಂಥ ಒಲೆಗಳ ಬಾಗಿಲು ಬಹುತೇಕ ಎಡಗಡೆಯ ಕೀಲಿನ ಮೇಲೆ ತಿರುಗುತ್ತದೆ. ತೆರೆದರೆ ಬಾಗಿಲು ಎಡಕ್ಕೆ ನಿಲ್ಲುತ್ತದೆ, ಕೈ ಬಲಕ್ಕೆ ಬರುತ್ತದೆ. ಆದುದರಿಂದ ಕಟ್ಟೆ ಒಲೆಯ ಬಲಕ್ಕೆ ಇರಬೇಕು. ಎಡಕ್ಕಿದ್ದರೆ ತೆರೆದ ಬಾಗಿಲು ನಡುವೆ ಅಡ್ಡಗೋಡೆಯಂತೆ ನಿಂತು, ಬಟ್ಟಲನ್ನು ಹಿಡಿದವರು ಅದನ್ನು ಬಳಸಿಕೊಂಡು ಸುತ್ತಬೇಕು. ಕೆಳಕ್ಕೆ ಬೀಳುವ ಬಾಗಿಲಿನ ಒಲೆಗಳೂ ಉಂಟು. ಅವುಗಳಲ್ಲಿ ಬಾಗಿಲಿನ ಮೇಲಿಂದ ಮುಂದಕ್ಕೆ ಚಾಚಬೇಕು, ಅದು ಬಾಗಿದ ಬೆನ್ನಿಗೆ ಆಗುವ ಕೆಲಸವಲ್ಲ. ನಮ್ಮ ಚಿತ್ರದಲ್ಲಿ ಒಲೆಯ ಬೀರು ಕಟ್ಟೆಯ ಬಲಗಡೆಯ ಕೊನೆಯಲ್ಲಿತ್ತು. ಅಂದರೆ ಕಟ್ಟೆ ಒಲೆಯ ಎಡಕ್ಕೆ. ಚಿತ್ರದಲ್ಲಿ ಬಾಗಿಲು ಸದಾ ಮುಚ್ಚಿಯೇ ಇರುವುದರಿಂದ ಇದು ಯಾರಿಗೂ ಕಾಣುವುದಿಲ್ಲ.

ಗುಂಡಿಯ ವಿಷಯ ಹೇಳದಿದ್ದರೆ ನನ್ನ ಮಗಳು ಕ್ಷಮಿಸಳು. ಹೊಸ ಒಲೆಗಳ ಮುಖ ನುಣುಪಾದ ಕಪ್ಪು ಗಾಜು. ಮುಟ್ಟಿದರೆ ಅಕ್ಷರಗಳು ಬೆಳಗುತ್ತವೆ. ಕನ್ನಡಕ ಹುಡುಕುವಷ್ಟರಲ್ಲಿ ಆರಿಯೂ ಹೋಗುತ್ತವೆ. ಒದ್ದೆ ಕೈಗೆ ಕೆಲವು ಓಗೊಡುವುದೇ ಇಲ್ಲ. ತಿರುಗಿಸುವ ಗುಂಡಿ ಕಣ್ಣಿಲ್ಲದೆಯೂ ಬೆರಳಿಗೆ ತಿಳಿಯುತ್ತದೆ. ಗುಂಡಿಯಿರುವ ಒಲೆ ಹಳೆಯ ಕಾಲದ್ದೆಂದು ಅಂಗಡಿಯ ಯುವಕ ಮೂಗು ಮುರಿದ. ಮುರಿಯಲಿ.

ವಿನ್ಯಾಸಕಿಯನ್ನು ಮತ್ತೆ ಕರೆಸಿದೆವು. ನಾನು ಅಂಜುತ್ತಲೇ ಹೇಳಿದೆ, ಆಕೆಗೆ ಬೇಸರವಾಗಬಹುದೆಂದುಕೊಂಡಿದ್ದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿ ಇದನ್ನು ಉಪಯೋಗಿಸ್ತಾರೆ ಅಂತ ನನಗೆ ಯಾರೂ ಹೇಳಲೇ ಇಲ್ಲವಲ್ಲ, ಸರ್,” ಎಂದಳು. ನಿಜ. ನಾವು ಹೇಳಿರಲಿಲ್ಲ. ಟೈಲ್ಸಿನ ಬಣ್ಣದ ಬಗ್ಗೆ ಎರಡು ಗಂಟೆ ಮಾತನಾಡಿದ್ದೆವು.

ಚಿತ್ರ ಬದಲಾಯಿತು. ವರ್ಷಕ್ಕೆ ಒಂದು ಕೇಕಿಗಾಗಿ ಬೇಕೆಂದುಕೊಂಡಿದ್ದ ದೊಡ್ಡ ಓವನ್ನನ್ನು ಕೈಬಿಟ್ಟೆವು. ಅದು ಹೋದದ್ದರಿಂದ ಮೈಕ್ರೋವೇವ್ ಕೆಳಗಿಳಿಯಿತು. ಒಲೆಯ ಬೀರು ಎಡಗಡೆಯ ಕೊನೆಗೆ, ಫ್ರಿಜ್ಜು ಬಲಗಡೆಗೆ. ಕಟ್ಟೆ ಪೂರ್ತಿ ಬರಿದಾಗಿ ನನ್ನ ಹೆಂಡತಿಗೆ ಉಳಿಯಿತು. ಈ ಸಲ ಅದರ ಎತ್ತರವನ್ನು ಆಕೆಯನ್ನು ನಿಲ್ಲಿಸಿಯೇ ಅಳೆದದ್ದು. ಗೂಡಿನ ಎತ್ತರ ೩೮. ಒಲೆ ಇಪ್ಪತ್ತೈದು ಲೀಟರಿನದು, ಎರಡು ಗುಂಡಿಗಳದು. ಚಿತ್ರದಲ್ಲಿ ಮೊದಲಿನಷ್ಟು ಅಂದವಿಲ್ಲ. ಕಪ್ಪು ಚೌಕ ಈಗ ಸೊಂಟದ ಮೇಲೆ ಎಲ್ಲಿಯೋ ತೊಡಕಾಗಿ ಕಾಣುತ್ತದೆ ಎಂದು ವಿನ್ಯಾಸಕಿಯೇ ಒಪ್ಪಿಕೊಂಡಳು.

ಬಡಗಿ ಬಂದ ದಿನ ನನ್ನ ತಾಯಿಯನ್ನು ಗೋಡೆಯ ಮುಂದೆ ನಿಲ್ಲಿಸಿದೆವು. ಅವರು ಪಿಂಗಾಣಿಯ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದು ನಿಂತರು. “ಇಲ್ಲೇನಮ್ಮ?” ಎಂದು ಬಡಗಿ ಪೆನ್ಸಿಲನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದ. “ಇನ್ನೂ ಒಂಚೂರು ಕೆಳಗಪ್ಪ. ಹಾಂ, ಅಲ್ಲೇ.” ನೆಲದಿಂದ ೯೪ ಸೆಂಟಿಮೀಟರ್. ಆತ ಹೊಸ ಗೆರೆಯನ್ನೆಳೆದು, ಮೇಲಿನ ಹಳೆಯ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ. ಪೂರ್ತಿ ಅಳಿಯಲಿಲ್ಲ. ಬಣ್ಣ ಹೊಡೆದರೆ ಹೋಗುತ್ತದೆ ಎಂದ.

ಅಮ್ಮ ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಇಷ್ಟು ದುಡ್ಡು ಕೊಟ್ಟು ತರ್ತಿದ್ದೀಯ. ಇದರಲ್ಲಾದರೂ ಸ್ಟೀಲ್ ಲೋಟ ಇಡಬಹುದೇನೋ?”